ಶುಕ್ರವಾರದ ಗ್ಯಾಲರಿ

ನಾವು ಎಂದರೆ ಮೂವರು ಅಕ್ಕತಂಗಿಯರು. ದೊಡ್ಡವಳನ್ನು ಉಳಿದಿಬ್ಬರೂ ಆಪಾ ಎನ್ನುತ್ತೇವೆ. ಕೊನೆಯವಳಿಗೆ ನಲವತ್ತು ದಾಟಿದರೂ ಮನೆಯಲ್ಲಿ ಅವಳು ಛೋಟಿಯೇ. ನಡುವಿನವಳು ಹೇಗೋ ಕತೆ ಬರೆಯುವ ಚಾಳಿಗೆ ಬಿದ್ದಳು. ಹಾಗಾಗಿ ಈ ಬರಹಕ್ಕೆ ಕೈ ಅವಳದು, ನೆನಪು ಮಾತ್ರ ಮೂವರದೂ. ‘ನಾನು’ ಎಂದು ಬರೆಯಲು ಹೊರಟರೆ ಉಳಿದಿಬ್ಬರು ಜಗಳಕ್ಕೆ ಬರುತ್ತಾರೆ. ಬರಲಿಕ್ಕೆ ಕಾರಣವೂ ಇದೆ. ನಾವು ನೋಡಿದ ಪಂದ್ಯಗಳಲ್ಲಿ ಯಾವುದನ್ನು ಯಾರು ಕಣ್ಣಾರೆ ಕಂಡೆವು, ಯಾವುದನ್ನು ಬರೀ ಕೇಳಿದೆವು ಎಂಬುದು ಈಗ ನಮಗೇ ಸರಿಯಾಗಿ ಗೊತ್ತಿಲ್ಲ.

ಅಬ್ಬಾ ಶಿವಾಜಿನಗರದ ಒಂದು ಟೈಲರ್ ಅಂಗಡಿಯಲ್ಲಿ ಕೋಟು ಹೊಲಿಯುತ್ತಿದ್ದರು. ಅಂಗಡಿಗೆ ಶುಕ್ರವಾರ ಅರ್ಧ ದಿನ ರಜೆ. ಜುಮಾ ಮುಗಿಸಿ ಮನೆಗೆ ಬಂದು ಊಟ ಮಾಡಿ, ಮೊಹಲ್ಲಾದ ಗಂಡಸರೆಲ್ಲ ಒಂದು ಜೋಂಪು ನಿದ್ದೆಗೆ ಅಡ್ಡಾಗುವ ಹೊತ್ತಿಗೆ ಅವರು ನಮ್ಮನ್ನು ಹೊರಡಿಸುತ್ತಿದ್ದರು. ನೀಲಸಂದ್ರದ ಮನೆಯಿಂದ ಆಸ್ಟಿನ್ ಟೌನ್ ದಾಟಿ ಅಶೋಕನಗರದ ಫುಟ್ಬಾಲ್ ಸ್ಟೇಡಿಯಂಗೆ ನಡೆದೇ ಹೋಗಬೇಕು. ಮಕ್ಕಳ ಕಾಲಿಗೆ ಮುಕ್ಕಾಲು ಗಂಟೆಯ ದಾರಿ. ಛೋಟಿ ಅರ್ಧ ದಾರಿ ನಡೆದು ಉಳಿದರ್ಧ ಅಬ್ಬಾನ ಹೆಗಲ ಮೇಲೆ. 1985ರ ಸುಮಾರಿಗೆ ಶುರುವಾದ ನಡಿಗೆ ಇದು. ಗರುಡ ಮಾಲ್ ಆಗ ಇರಲಿಲ್ಲ. ಇದ್ದಿದ್ದರೆ ಬಹುಶಃ ಛೋಟಿಯನ್ನು ಅದರ ಬಾಗಿಲು ದಾಟಿಸಿ ಸ್ಟೇಡಿಯಂಗೆ ಒಯ್ಯುವುದು ಯಾರಿಂದಲೂ ಆಗುತ್ತಿರಲಿಲ್ಲ.

ಹೆಣ್ಣುಮಕ್ಕಳನ್ನು ಫುಟ್ಬಾಲಿಗೆ ಯಾಕೆ ಕರೆದೊಯ್ಯುತ್ತೀರಿ ಎಂದು ಕೇಳುವವರಿಗೆ ಅಬ್ಬಾನ ಹತ್ತಿರ ಒಂದೇ ಉತ್ತರವಿತ್ತು. “ಮನೆಯಲ್ಲಿ ಯಾರಿದ್ದಾರೋ ಅವರನ್ನೇ ತಾನೆ ಕರೆದುಕೊಂಡು ಹೋಗೋದು?” ಗಂಡುಮಕ್ಕಳಿಲ್ಲದ ಮನೆ. ಒಬ್ಬ ಮಗನಿದ್ದಿದ್ದರೆ ನಮಗೆ ಈ ಭಾಗ್ಯ ಸಿಗುತ್ತಿತ್ತೇ ಎಂದು ನಾವು ಮೂವರೂ ಬೇರೆ ಬೇರೆ ಕಾಲದಲ್ಲಿ ಯೋಚಿಸಿದ್ದೇವೆ. ಉತ್ತರ ಸಂತೋಷದ್ದಲ್ಲವಾದ್ದರಿಂದ ಅದನ್ನು ಅಲ್ಲಿಗೇ ಬಿಟ್ಟಿದ್ದೇವೆ.

ಗ್ಯಾಲರಿ ಎಂದರೆ ಸಿಮೆಂಟಿನ ಮೆಟ್ಟಿಲುಗಳು. ಬಿಸಿಲಿಗೆ ಕಾದು ಕೂತರೆ ಚುರುಕ್ ಎನ್ನುತ್ತಿದ್ದವು. ಅಬ್ಬಾ ಅಂಗಡಿಯಿಂದ ತಂದ ಕೋಟಿನ ಲೈನಿಂಗ್ ಬಟ್ಟೆಯ ತುಂಡುಗಳನ್ನು ಹಾಸಿ ನಮ್ಮನ್ನು ಕೂರಿಸುತ್ತಿದ್ದರು. ಹಾಫ್ ಟೈಮಿಗೆ ಅಸರ್ ನಮಾಜ್. ಗ್ಯಾಲರಿಯ ಹಿಂದೆ ಗೋಡೆಯ ನೆರಳಿನಲ್ಲಿ ಒಂದು ಟವೆಲ್ ಹಾಸಿ ನಾಲ್ಕೈದು ಜನ ನಿಲ್ಲುತ್ತಿದ್ದರು. ಎರಡನೆಯ ಅರ್ಧ ಶುರುವಾಗುವ ಸೀಟಿ ಕೇಳಿದಾಗ ಸಲಾಮ್ ಹೇಳುವ ಕತ್ತುಗಳು ಸ್ವಲ್ಪ ಬೇಗ ತಿರುಗುತ್ತಿದ್ದವು ಎಂದು ಆಪಾ ಹೇಳುತ್ತಾಳೆ. ಅಲ್ಲಾಹ್ ಕ್ಷಮಿಸಲಿ. ಆಟ ನಡೆಯುವಾಗ ಅಬ್ಬಾ ಹೆಚ್ಚು ಕೂಗುವವರಲ್ಲ. ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು: “ಪಾಸ್ ದೇ ರೇ, ಪಾಸ್!” ಒಬ್ಬನೇ ಚೆಂಡನ್ನು ಹಿಡಿದಿಟ್ಟುಕೊಂಡು ಮೂವರನ್ನು ದಾಟಲು ಹೋಗುವ ಆಟಗಾರನ ಮೇಲೆ ಅವರಿಗೆ ಸಿಟ್ಟು. ಅಂಥವನು ಗೋಲು ಹೊಡೆದರೂ ಅವರು ಚಪ್ಪಾಳೆ ತಟ್ಟುತ್ತಿರಲಿಲ್ಲ.

ನಾವು ನೋಡುತ್ತಿದ್ದ ತಂಡಗಳ ಹೆಸರು ಕೇಳಿದರೆ ಈಗಿನ ಮಕ್ಕಳು ನಗುತ್ತಾರೆ. ಐಟಿಐ, ಎಚ್‌ಎಎಲ್, ಎಂಇಜಿ, ಎಎಸ್‌ಸಿ, ಎಲ್‌ಆರ್‌ಡಿಇ. ಹುಲಿ ಸಿಂಹಗಳ ಹೆಸರಲ್ಲ, ಕಾರ್ಖಾನೆಗಳ ಹೆಸರು, ಪಲ್ಟಣಗಳ ಹೆಸರು, ಸರ್ಕಾರಿ ಪ್ರಯೋಗಾಲಯದ ಹೆಸರು. ಒಬ್ಬ ಹುಡುಗ ಚೆನ್ನಾಗಿ ಆಡಿದರೆ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯಲ್ಲೋ ವಿಮಾನ ಕಾರ್ಖಾನೆಯಲ್ಲೋ ಕೆಲಸ ಸಿಗುತ್ತಿತ್ತು. ಕೆಲಸವೆಂದರೆ ಸಂಬಳ, ಕ್ಯಾಂಟೀನ್ ಊಟ, ಪಿಂಚಣಿ, ಕ್ವಾರ್ಟರ್ಸ್. ಆಸ್ಟಿನ್ ಟೌನ್, ಗೌತಮಪುರದಂಥ ಕಡೆಯ ಬಡವರ ಮಕ್ಕಳು ಬರಿಗಾಲಿನಲ್ಲಿ ಬೀದಿಯಲ್ಲಿ ಆಡಲು ಕಾರಣ ಬರೀ ಹುಚ್ಚಲ್ಲ. ಅದೊಂದು ನೌಕರಿಯ ದಾರಿಯಾಗಿತ್ತು. ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಅದನ್ನು ಕಂಡು ನಗುವವರು ಈ ಲೆಕ್ಕವನ್ನು ಮರೆಯುತ್ತಾರೆ.

ದಾದಾನಿಗೆ ಮಾತ್ರ ಈ ಕಾರ್ಖಾನೆ ತಂಡಗಳ ಬಗ್ಗೆ ತಾತ್ಸಾರ. ಅವರ ಪಾಲಿಗೆ ತಂಡವೆಂದರೆ ಒಂದೇ, ಬೆಂಗಳೂರು ಮುಸ್ಲಿಮ್ಸ್. ಬೊಂಬಾಯಿಯ ರೋವರ್ಸ್ ಕಪ್ 1891ರಿಂದ ನಡೆದು ಬಂದ ಪಂದ್ಯಾವಳಿ. ದಶಕಗಳ ಕಾಲ ಬ್ರಿಟಿಷ್ ಪಲ್ಟಣಗಳೇ ಅದನ್ನು ಗೆದ್ದುಕೊಂಡು ಹೋಗುತ್ತಿದ್ದವು. 1937ರಲ್ಲಿ ಅದನ್ನು ಬೆಂಗಳೂರು ಮುಸ್ಲಿಮ್ಸ್ ಗೆದ್ದಿತು. ಸೈನ್ಯಕ್ಕೆ ಸೇರದ ಭಾರತೀಯರ ತಂಡವೊಂದು ಆ ಕಪ್ ಎತ್ತಿದ್ದು ಅದೇ ಮೊದಲು. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಇನ್ನೊಮ್ಮೆ. ದಾದಾ ತಮ್ಮ ವಯಸ್ಸನ್ನೂ ಆ ಲೆಕ್ಕದಲ್ಲೇ ಹೇಳುತ್ತಿದ್ದರು: ರೋವರ್ಸ್ ಗೆದ್ದ ವರ್ಷ ಇಪ್ಪತ್ತು, ಎರಡನೆಯ ಸಲಕ್ಕೆ ಇಪ್ಪತ್ತೊಂದು. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಿನಲ್ಲಿ ಆಡಿದ್ದನ್ನು ಅವರು ಹೇಳುವಾಗ, ಲಂಡನ್ನಿಗೆ ತಾವೇ ಹೋಗಿ ಬಂದಂತಿರುತ್ತಿತ್ತು. ಅಬ್ಬಾ ಹೇಳುವ ಕತೆ ಬೇರೆ. 1967-68ರಲ್ಲಿ, ಮತ್ತೆ 1968-69ರಲ್ಲಿ, ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿ ಫೈನಲಿನಲ್ಲಿ ಎರಡು ಸಲವೂ ಬಂಗಾಳವನ್ನು ಸೋಲಿಸಿತ್ತು. ಎರಡನೆಯದು ಬೆಂಗಳೂರಿನಲ್ಲೇ. “ಇನ್ನೊಮ್ಮೆ ನಾವು ಅದನ್ನು ಗೆಲ್ಲೋದನ್ನು ನೋಡಿಯೇ ಸಾಯ್ತೀನಿ” ಎನ್ನುತ್ತಿದ್ದರು ಅಬ್ಬಾ. ಮೂವತ್ತೈದು ದಾಟಿದವರು ಸಾವಿನ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಾರೆ!

ನಮ್ಮ ಮೂವರನ್ನೂ ಕೂರಿಸಿ ಅತಿ ಖುಷಿಯ ದಿನ ಯಾವುದು ಎಂದು ಕೇಳಿದರೆ ಒಂದೇ ಉತ್ತರ ಬರುತ್ತದೆ. 1988ರ ಒಂದು ಶುಕ್ರವಾರ. ಐಟಿಐಗೂ ಎಂಇಜಿಗೂ ಲೀಗ್ ಪಂದ್ಯ. ಆಪಾಗೆ ಹನ್ನೆರಡು ತುಂಬಿತ್ತು, ಹೊಸ ಹಳದಿ ಸಲ್ವಾರ್. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅಬ್ಬಾ ಇದ್ದಕ್ಕಿದ್ದಂತೆ ಎದ್ದು, “ಬನ್ನಿ, ಇವತ್ತು ನಿಮ್ಮನ್ನು ದೊಡ್ಡವರ ಜಾಗದಲ್ಲಿ ಕೂರಿಸ್ತೀನಿ” ಎಂದರು. ಗೇಟಿನವನ ಹತ್ತಿರ ಏನೋ ಮಾತಾಡಿ, ದುಡ್ಡು ಕೊಟ್ಟು, ಸೂರಿದ್ದ ಸ್ಟ್ಯಾಂಡಿನಲ್ಲಿ ನಮ್ಮನ್ನು ಕೂರಿಸಿದರು. ಅಲ್ಲಿ ನೆರಳು, ಅಲ್ಲಿ ಕುರ್ಚಿ. ಕಡಲೆಕಾಯಿ ಎರಡು ಸಲ ಕೊಡಿಸಿದರು, ಐಸ್ ಕ್ಯಾಂಡಿ ಬೇರೆ. ಅಂದು ಯಾರು ಗೆದ್ದರೋ ನೆನಪಿಲ್ಲ. ಕ್ಯಾಂಡಿಯ ಬಣ್ಣ ಕಿತ್ತಳೆ.

ಅದಾಗಿ ಎರಡು ಮೂರು ವಾರಕ್ಕೆ ದಾದಿ ಫರ್ಮಾನು ಹೊರಡಿಸಿದರು. ಆಪಾ ಇನ್ನು ಮ್ಯಾಚಿಗೆ ಹೋಗುವುದು ನಕ್ಕೊ. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಗಂಡಸರ ನಡುವೆ ಕೂರುವುದು ಸರಿಯಲ್ಲ. ಅಮ್ಮಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆಪಾ ಅಬ್ಬಾನ ಮುಖ ನೋಡಿದಳು. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ಪೋಣಿಸುತ್ತಲೇ ಇದ್ದರು. ಒಂದು ಮಾತೂ ಆಡಲಿಲ್ಲ.

ದಾದಿ ಹೇಳಿದ್ದು ಲೋಕವಿರೋಧದ ಮಾತೇನೂ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಆ ದಿನಗಳಲ್ಲಿ ನಮ್ಮ ಗ್ಯಾಲರಿಯಲ್ಲಿ ಹೆಂಗಸರು ಎಂದರೆ ಆಸ್ಟಿನ್ ಟೌನಿನ ಕ್ರೈಸ್ತರ ಮನೆಯವರು ಒಬ್ಬಿಬ್ಬರು. ಉಳಿದ ಯಾವ ಧರ್ಮದವರೂ ತಮ್ಮ ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆತಂದದ್ದನ್ನು ನಾವು ಕಂಡಿಲ್ಲ. ಆದರೆ ಹನ್ನೆರಡರ ಹುಡುಗಿಗೆ ಲೋಕದ ಲೆಕ್ಕ ಯಾಕೆ? ಅವಳಿಗೆ ದಾದಿಯೇ ಹಗೆ.

ಮುಂದಿನ ಶುಕ್ರವಾರ ಅಬ್ಬಾ ನಮ್ಮಿಬ್ಬರನ್ನು ಕರೆದೊಯ್ದರು. ವಾಪಸ್ಸು ಬಂದಾಗ ಆಪಾ ಬಾಗಿಲಲ್ಲೇ ನಿಂತಿದ್ದಳು. “ಏನಾಯ್ತು?” ಎಂದಳು. ನಾವು ಎರಡು ಗೋಲು ಎಂದೆವು. ಹೇಗೆ ಎಂದಳು. ಚೆಂಡು ಒಳಗೆ ಹೋಯಿತು ಎಂದಳು ಛೋಟಿ. ಆಪಾ ಅಳಲು ಶುರುಮಾಡಿದಳು. ಆಗ ಅಬ್ಬಾ ಹೊಲಿಗೆ ಮೆಷಿನ್ನಿನ ಖಾನೆಯಿಂದ ಗುಂಡಿಗಳ ಡಬ್ಬ ತೆಗೆದರು. ದಸ್ತರ್‌ಖಾನ್ ಹಾಸಿ, ಹತ್ತು ಬಿಳಿ ಷರ್ಟಿನ ಗುಂಡಿ, ಹತ್ತು ಕರಿ ಕೋಟಿನ ಗುಂಡಿ ಜೋಡಿಸಿದರು. ಗೋಲ್‌ಕೀಪರ್‌ಗಳಿಗೆ ಒಂದೊಂದು ಹಿತ್ತಾಳೆ ಗುಂಡಿ. ಚೆಂಡಿಗೆ ಒಂದು ಹುರಿಗಡಲೆ. ಇಗೋ ಇಲ್ಲಿ ಇವನು ಚೆಂಡು ತಡೆದ, ಇಲ್ಲಿಂದ ಅಲ್ಲಿಗೆ ಪಾಸು, ಅಲ್ಲಿ ಆ ಪೆದ್ದ ಒಬ್ಬನೇ ನುಗ್ಗಿ ಚೆಂಡು ಕಳೆದುಕೊಂಡ, ನೋಡು ಇಲ್ಲಿ ಜಾಗ ಬಿತ್ತು. ತೊಂಬತ್ತು ನಿಮಿಷದ ಆಟ ಇಶಾ ನಮಾಜಿನವರೆಗೂ ನಡೆಯಿತು. ಗ್ಯಾಲರಿಯಲ್ಲಿ ಕೂತಿದ್ದ ನಮಗೇ ಅಂದು ಆಟ ಮೊದಲ ಸಲ ಅರ್ಥವಾಯಿತು. ನಾವು ಅಲ್ಲಿಯವರೆಗೆ ಚೆಂಡನ್ನು ನೋಡುತ್ತಿದ್ದೆವು, ಅಬ್ಬಾ ಚೆಂಡು ಇಲ್ಲದ ಜಾಗವನ್ನು ನೋಡುತ್ತಿದ್ದರು. ಆಟ ಮುಗಿದ ಮೇಲೆ ಹುರಿಗಡಲೆಯನ್ನು ಛೋಟಿ ತಿಂದಳು. ಅದೇ ವಾಡಿಕೆಯಾಯಿತು.

ದಾದಿ ಮೂಲೆಯ ಮಂಚದ ಮೇಲೆ ತಸ್ಬೀ ಎಣಿಸುತ್ತ ಕೂತಿರುತ್ತಿದ್ದರು. ನಾವು ಅವರ ಕಡೆ ಬೆನ್ನು ಮಾಡಿಯೇ ಕೂರುತ್ತಿದ್ದೆವು. ಒಮ್ಮೆ ಆಟ ಮುಗಿದಾಗ ಅವರು ಮೆಲ್ಲಗೆ, “ಯಾರು ಗೆದ್ದರು?” ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಇದು ನಮ್ಮ ಮೂವರಿಗೂ ಚೆನ್ನಾಗಿ ನೆನಪಿದೆ.

ಒಮ್ಮೆ ಗೆರೆ ಎಳೆದ ಮೇಲೆ ಅದು ಎಲ್ಲರಿಗೂ ಗೆರೆ. ನಡುವಿನವಳಿಗೆ 1991ರಲ್ಲಿ, ಛೋಟಿಗೆ 1994ರಲ್ಲಿ ಅದೇ ವಯಸ್ಸು ಬಂತು. ಮತ್ತೆ ಹೇಳುವ ಅಗತ್ಯವೂ ಬೀಳಲಿಲ್ಲ. ಛೋಟಿ ಮಾತ್ರ ಮೂರು ದಿನ ಊಟ ಬಿಟ್ಟಳು, ಅಂದರೆ ನಮ್ಮ ಎದುರು ಬಿಟ್ಟಳು. ಅಲ್ಲಿಂದಾಚೆ ಅಬ್ಬಾ ಒಬ್ಬರೇ ಹೋಗುವುದು, ಮೂವರು ಮನೆಯಲ್ಲಿ ಕಾಯುವುದು. ಅವರು ಹೋಗಲಾಗದ ಪಂದ್ಯಗಳಿಗೆ ನಾವು ಬೇಕಾಗುತ್ತಿದ್ದೆವು. ಅವರಿಗೆ ಉರ್ದು ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ. ನಾವು ಉರ್ದು ಪ್ರಾಥಮಿಕ ಶಾಲೆ ಮುಗಿಸಿ ಕನ್ನಡ ಹೈಸ್ಕೂಲು ಸೇರಿದವರು. ಕನ್ನಡ ಪತ್ರಿಕೆಯ ಆಟದ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬರುತ್ತಿದ್ದ ಲೀಗ್ ಫಲಿತಾಂಶವನ್ನು ಓದಿ ದಖನಿಯಲ್ಲಿ ಹೇಳುವುದು ನಮ್ಮ ಕೆಲಸ. ನಮ್ಮಲ್ಲಿ ಒಬ್ಬಳು ಕನ್ನಡದಲ್ಲಿ ಬರೆಯುವವಳಾದದ್ದು ಹೇಗೆ ಎಂದು ಸಭೆಗಳಲ್ಲಿ ಕೇಳುತ್ತಾರೆ. ಪಂಪ ರನ್ನರ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಾಳೆ. ನಿಜಸಂಗತಿ ಇದು.

ಆಸ್ಟಿನ್ ಟೌನಿನ ಕಾರ್ಲ್ಟನ್ ಚಾಪ್ಮನ್ ಸುದ್ದಿಯೂ ಹೀಗೆಯೇ ಬಂತು. 1993ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಆತ ಮೂರು ಗೋಲು ಹೊಡೆದ. ಮುಂದೆ ಭಾರತದ ನಾಯಕನೂ ಆದ. ನಾವು ನಡೆದು ದಾಟುತ್ತಿದ್ದ ಬೀದಿಗಳ ಹುಡುಗ! ಅಬ್ಬಾ ಮೂರು ಗೋಲನ್ನೂ ತಮ್ಮ ಊಹೆಯ ಮೇಲೆ ಗುಂಡಿಗಳಲ್ಲಿ ಆಡಿಸಿ ತೋರಿಸಿದರು. 2020ರ ಅಕ್ಟೋಬರಿನಲ್ಲಿ ಆತ ನಲವತ್ತೊಂಬತ್ತಕ್ಕೇ ತೀರಿಕೊಂಡ ಸುದ್ದಿ ಬಂದಾಗ ನಮ್ಮಲ್ಲಿ ಯಾರಿಗೂ ಆತನ ನಿಜವಾದ ಗೋಲುಗಳು ನೆನಪಾಗಲಿಲ್ಲ. ನೆನಪಾದದ್ದು ಬಿಳಿ ಗುಂಡಿ.

ಆಮೇಲಿನ ವರ್ಷಗಳನ್ನು ಬೇಗ ದಾಟಬಹುದು. ಮದುವೆ, ಮಕ್ಕಳು, ನೌಕರಿ. 1999ರಲ್ಲಿ ದಾದಿ ತೀರಿಕೊಂಡರು. ಆಪಾ ಅತ್ತಳು, ಆದರೆ ಮನಸ್ಸು ಬಿಚ್ಚಿ ಅಳಲಿಲ್ಲ ಎಂದು ಅವಳೇ ಹೇಳುತ್ತಾಳೆ. 2004ರಲ್ಲಿ ಅವಳು ಗಂಡನ ಜೊತೆ ರಿಯಾದಿಗೆ ಹೋದಳು, ಭಾವ ಅಲ್ಲಿ ಎಸಿ ಮೆಕ್ಯಾನಿಕ್. ಇಲ್ಲಿ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಡುವುದು ಕಡಿಮೆಯಾಯಿತು. ಟೆಲಿಫೋನ್ ಎಲ್ಲರ ಜೇಬಿಗೆ ಬಂತು, ಟೆಲಿಫೋನ್ ಮಾಡುತ್ತಿದ್ದ ಕಾರ್ಖಾನೆ ಸೊರಗಿತು. ಎಚ್‌ಎಎಲ್ ತಂಡ 2010ರಿಂದ ಎರಡು ಋತು ಐ-ಲೀಗ್‌ನಲ್ಲಿ ಆಡಿ ಕೆಳಗಿಳಿಯಿತು. ಗ್ಯಾಲರಿ ಖಾಲಿಯಾಗುತ್ತ ಬಂತು. ಅಬ್ಬಾ ಮಾತ್ರ ಮಂಡಿನೋವು ತಡೆಯಲಾಗದೆ ನಿಲ್ಲಿಸುವವರೆಗೂ ಹೋಗುತ್ತಲೇ ಇದ್ದರು.

2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ಹೊಸ ತಂಡ ಬಂತು. ಸುನಿಲ್ ಛೆಟ್ರಿ ನಾಯಕ, ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಕೋಚ್. ಮೊದಲ ಋತುವಿನ ತವರು ಪಂದ್ಯಗಳು ನಮ್ಮ ಹಳೆಯ ಸ್ಟೇಡಿಯಂನಲ್ಲೇ. 2014ರ ಆರಂಭದಲ್ಲಿ ಆಪಾ ರಜೆಗೆ ಬಂದಿದ್ದಾಗ ಛೋಟಿ ಸದ್ದಿಲ್ಲದೆ ಟಿಕೆಟ್ ತಂದು ಎಲ್ಲರನ್ನೂ ಹೊರಡಿಸಿದಳು. ಈ ಸಲ ಆಟೊದಲ್ಲಿ. ನಮ್ಮಲ್ಲಿ ಇಬ್ಬರು ಬುರ್ಖಾದಲ್ಲಿ, ಒಬ್ಬಳು ಸೀರೆಯಲ್ಲಿ, ನಡುವೆ ಊರುಗೋಲು ಹಿಡಿದ ಅಬ್ಬಾ. ಗೇಟಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಅದೇ ನಮಗೆ ಸ್ವಲ್ಪ ಬೇಸರ ತಂದಿತು ಎಂದರೆ ನಗಬೇಡಿ. ಇಪ್ಪತ್ತು ವರ್ಷ ಮನಸ್ಸಿನಲ್ಲಿ ಅಷ್ಟು ದೊಡ್ಡದಾಗಿ ನಿಂತಿದ್ದ ಬಾಗಿಲು ಅದು.

ಒಳಗೆ ಹುಲ್ಲು ಇರಲಿಲ್ಲ. ಅಬ್ಬಾ ಬಹಳ ಹೊತ್ತು ನೋಡಿ, “ಕಾರ್ಪೆಟ್ ಹಾಸಿದ್ದಾರೆ, ಮದುವೆಗೆ ಹಾಸಿದ ಹಾಗೆ” ಎಂದರು. ಪಶ್ಚಿಮದ ಸ್ಟ್ಯಾಂಡಿನಲ್ಲಿ ನೀಲಿ ಅಂಗಿಯ ಹುಡುಗರು ಡೋಲು ಬಡಿಯುತ್ತ, ಆಟದುದ್ದಕ್ಕೂ ನಿಂತೇ ಹಾಡುತ್ತಿದ್ದರು. ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಅವರ ಹೆಸರಂತೆ. ಅವರ ನಡುವೆ ಹುಡುಗಿಯರೂ ಇದ್ದರು. ಒಬ್ಬಳು ಯಾರದೋ ಹೆಗಲ ಮೇಲೆ ಕೈಯಿಟ್ಟು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಅಬ್ಬಾ ಆಟಕ್ಕಿಂತ ಹೆಚ್ಚಾಗಿ ಅವರನ್ನೇ ನೋಡುತ್ತಿದ್ದರು. ಇವರಿಗೆ ಇಷ್ಟವಾಗಲಿಲ್ಲ ಎಂದುಕೊಂಡೆವು.

ಪಂದ್ಯ ಮುಗಿದು ಜಾನ್ಸನ್ ಮಾರ್ಕೆಟ್ಟಿನ ಹತ್ತಿರ ಚಹಾ ಕುಡಿಯಲು ಕೂತಾಗ ಆಪಾ ಕೇಳಿಯೇಬಿಟ್ಟಳು. “ಅಬ್ಬಾ, ಅವತ್ತು ದಾದಿ ಬೇಡ ಅಂದಾಗ ನೀವು ಕೈಕು ಒಂದು ಮಾತೂ ಆಡಲಿಲ್ಲ?” ಕೋಪದಿಂದಲ್ಲ, ನಗುತ್ತಲೇ ಕೇಳಿದಳು. ಅಬ್ಬಾ ಚಹಾವನ್ನು ತಟ್ಟೆಗೆ ಸುರಿದುಕೊಂಡು ಊದಿದರು.

“ಐಟಿಐ, ಎಂಇಜಿ ಮ್ಯಾಚು. ನಿಮ್ಮನ್ನು ನೆರಳಿನ ಸ್ಟ್ಯಾಂಡಿಗೆ ಕರೆದುಕೊಂಡು ಹೋದ ದಿನ. ನೆನಪಿದೆಯಾ?”

ಇಲ್ಲದೆ ಏನು? ಕಿತ್ತಳೆ ಕ್ಯಾಂಡಿ ಎಂದಳು ಛೋಟಿ.

ಅಂದು ನಮ್ಮ ಹಿಂದಿನ ಮೆಟ್ಟಿಲಲ್ಲಿ ಇಬ್ಬರು ಕುಡಿದವರು ಕೂತಿದ್ದರಂತೆ. ಅವರಲ್ಲೊಬ್ಬ ಆಪಾಳನ್ನು ನೋಡಿ ಒಂದು ಮಾತು ಆಡಿದ. ಆ ಮಾತು ಏನೆಂದು ಅಬ್ಬಾ ಹೇಳಲಿಲ್ಲ, ನಾವು ಕೇಳಲಿಲ್ಲ. “ನಾನು ಕೇಳಿಸದವನ ಹಾಗೆ ಕೂತೆ. ನಾನೊಬ್ಬ, ಅವರಿಬ್ಬರು, ಮೂರು ಮಕ್ಕಳು. ಎದ್ದು ಒಂದು ಏಟು ಹಾಕಿದರೆ ಮುಂದೇನು? ಆಮೇಲೆ ನಿಮ್ಮನ್ನು ಎಬ್ಬಿಸಿಕೊಂಡು ಹೋದೆ.” ತಟ್ಟೆಯ ಚಹಾ ಆರಿತ್ತು. “ಮಗಳಿಗೆ ಬೇಡ ಅಂತ ಹೇಳೋಕೆ ನನ್ನ ಬಾಯಿ ಬರಲಿಲ್ಲ. ಹೇಳಿದರೆ ಯಾಕೆ ಅಂತ ಕೇಳ್ತಾಳೆ. ಅದಕ್ಕೆ ಅಮ್ಮಿಜಾನ್‌ಗೆ ಹೇಳಿದೆ, ನೀವು ಬೇಡ ಅನ್ನಿ, ನಿಮ್ಮ ಮಾತು ನಡೆಯುತ್ತೆ ಅಂತ.”

ಅಮ್ಮಿಜಾನ್ ಎಂದರೆ ನಮ್ಮ ದಾದಿ.

ಹನ್ನೊಂದು ವರ್ಷ ಆ ಮುದುಕಿ ನಮ್ಮ ಬೆನ್ನುಗಳನ್ನು ನೋಡುತ್ತ ಮಂಚದ ಮೇಲೆ ಕೂತಿದ್ದರು. ನಮಗೆ ಬೇಕಾದ ಒಂದು ವಾಕ್ಯ ಅವರ ಬಾಯಲ್ಲಿತ್ತು, ಹೇಳಲಿಲ್ಲ. ಮಗನ ಮಾನ ಉಳಿಸಿದರು ಎನ್ನೋಣವೇ? ಅಷ್ಟು ದೊಡ್ಡ ಮಾತು ಬೇಡ. ಬಹುಶಃ ಅವರಿಗೂ ಹುಡುಗಿಯರು ಮನೆಯಲ್ಲಿರುವುದೇ ಸರಿ ಎನಿಸಿದ್ದಿರಬಹುದು. ಆದರೆ ‘ಯಾರು ಗೆದ್ದರು’ ಎಂದು ಕೇಳಿದವರಿಗೆ ಉತ್ತರ ಕೊಡದವರು ನಾವು.

ಅಂದು ಮನೆಗೆ ಬಂದು ನಮ್ಮೊಳಗೆ ಜಗಳವಾಯಿತು. ಅಬ್ಬಾ ಆ ಕುಡುಕನ ಕೆನ್ನೆಗೆ ಬಾರಿಸಬೇಕಿತ್ತು ಎಂದು ಛೋಟಿಯ ವಾದ. ಪೊಲೀಸರಿಗೋ ಗೇಟಿನವನಿಗೋ ಹೇಳಬಹುದಿತ್ತು ಎಂದು ನಡುವಿನವಳು. ಅವನು ಬಾಯಿ ಬಿಟ್ಟದ್ದಕ್ಕೆ ಮೂವರು ಹುಡುಗಿಯರು ಮನೆ ಸೇರಿದರು, ಅವನು ಮುಂದಿನ ವಾರವೂ ಬಂದು ಮ್ಯಾಚು ನೋಡಿರುತ್ತಾನೆ. ಇದು ನಮಗೆ ಇಂದಿಗೂ ಅರಗದ ಸಂಗತಿ. ಆಪಾ ಯಾವ ಕಡೆಗೂ ಸೇರಲಿಲ್ಲ. ಆ ಹಳದಿ ಸಲ್ವಾರ್ ಆಮೇಲೆ ಏನಾಯಿತು ಎಂದು ಮಾತ್ರ ಅಮ್ಮಿಯನ್ನು ಕೇಳಿದಳು. ರಿಯಾದಿಗೆ ಮರಳಿದ ಮೇಲೆ ದಾದಿಯ ಹೆಸರಿನಲ್ಲಿ ಒಂದು ಉಮ್ರಾ ಮಾಡಿ ಬಂದಳು.

ಇರಾನಿನಲ್ಲಿ ಹೆಂಗಸರು ಗಂಡಸರ ಫುಟ್ಬಾಲ್ ನೋಡಲು ಹೋಗುವಂತಿರಲಿಲ್ಲ. ಗಂಡು ವೇಷದಲ್ಲಿ ಸ್ಟೇಡಿಯಂಗೆ ಹೋಗಲು ಯತ್ನಿಸಿ ಸಿಕ್ಕಿಬಿದ್ದ ಸಹರ್ ಖೊದಾಯಾರಿ ಎಂಬ ಹುಡುಗಿ, ಜೈಲಾಗಬಹುದೆಂದು ತಿಳಿದು ನ್ಯಾಯಾಲಯದ ಮುಂದೆ ಬೆಂಕಿ ಹಚ್ಚಿಕೊಂಡು 2019ರ ಸೆಪ್ಟೆಂಬರಿನಲ್ಲಿ ಸತ್ತಳು. ಮರು ತಿಂಗಳು ಕಾಂಬೋಡಿಯಾ ವಿರುದ್ಧದ ಪಂದ್ಯಕ್ಕೆ ತೆಹರಾನಿನ ಆಜಾದಿ ಸ್ಟೇಡಿಯಂನಲ್ಲಿ ಕೆಲವು ಸಾವಿರ ಹೆಂಗಸರನ್ನು ಬಿಟ್ಟರು. ಆಜಾದಿ ಎಂದರೆ ಸ್ವಾತಂತ್ರ್ಯ ಎಂದು ಉರ್ದು ಓದಿದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಸರ್ಕಾರ ತಡೆಯಿತು. ಬೆಂಗಳೂರಿನಲ್ಲಿ ನಮ್ಮನ್ನು ಯಾವ ಸರ್ಕಾರವೂ ತಡೆದಿರಲಿಲ್ಲ.

ಆ ಋತುವಿನಲ್ಲಿ ಬೆಂಗಳೂರು ಎಫ್‌ಸಿ ಮೊದಲ ಯತ್ನಕ್ಕೇ ಲೀಗ್ ಗೆದ್ದಿತು. ಆಮೇಲೆ ಅವರ ತವರು ಕಂಠೀರವಕ್ಕೆ ಹೋಯಿತು, ನಾವೂ ಹೋದೆವು. 2016ರ ಅಕ್ಟೋಬರ್ 19ರಂದು ಎಎಫ್‌ಸಿ ಕಪ್ ಸೆಮಿಫೈನಲಿನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿದ ರಾತ್ರಿ ಅಬ್ಬಾ ಕಿವಿಗೆ ಮಫ್ಲರ್ ಸುತ್ತಿ ನಮ್ಮ ನಡುವೆ ಕೂತಿದ್ದರು. ಅಥ್ಲೆಟಿಕ್ಸ್ ಓಟದ ಪಟ್ಟಿಯ ಆಚೆ ಆಟ ಬಹಳ ದೂರ ಎಂದು ಅವರ ದೂರು. ನಿಜ, ಹಳೆಯ ಗ್ಯಾಲರಿಯಲ್ಲಿ ಆಟಗಾರರ ಏದುಸಿರು ಕೇಳುತ್ತಿತ್ತು. ಅದೇ ಅವರ ಕೊನೆಯ ದೊಡ್ಡ ಪಂದ್ಯ. 2018ರಲ್ಲಿ ಅಬ್ಬಾ ಹೊರಟುಹೋದರು. ಸಂತೋಷ್ ಟ್ರೋಫಿ ಬಂದಿರಲಿಲ್ಲ.

ಅದು ಬಂದದ್ದು 2023ರಲ್ಲಿ. ಆ ವರ್ಷ ಸೆಮಿಫೈನಲ್ ಮತ್ತು ಫೈನಲನ್ನು ಮೊದಲ ಬಾರಿಗೆ ದೇಶದ ಹೊರಗೆ ನಡೆಸಿದರು. ಎಲ್ಲಿ ಗೊತ್ತೇ? ರಿಯಾದಿನಲ್ಲಿ. ಆಪಾ ಆ ಊರಿಗೆ ಹೋದಾಗ ಅಲ್ಲಿಯೂ ಹೆಂಗಸರಿಗೆ ಫುಟ್ಬಾಲ್ ಪಂದ್ಯಗಳಿಗೆ ಪ್ರವೇಶವಿರಲಿಲ್ಲ. 2018ರ ಜನವರಿಯಿಂದ ಬಿಡತೊಡಗಿದ್ದರು. ಮಾರ್ಚ್ 4ರ ರಾತ್ರಿ ಕಿಂಗ್ ಫಹದ್ ಸ್ಟೇಡಿಯಂನಿಂದ ಅವಳ ಫೋನು ಬಂತು. ಚಿತ್ರ ನಡುಗುತ್ತಿತ್ತು, ಹಸಿರು ಬಣ್ಣ ಬಿಟ್ಟರೆ ಏನೂ ಕಾಣದು. “ಚಿತ್ರ ಬಿಡಿ, ನಾನು ಹೇಳ್ತೀನಿ” ಎಂದಳು. ನಾವಿಬ್ಬರೂ ಛೋಟಿಯ ಮನೆಯಲ್ಲಿದ್ದೆವು. ಟಿವಿ ಹಾಕಬಹುದಿತ್ತೋ ಏನೋ, ಹಾಕಲಿಲ್ಲ. ಛೋಟಿ ಡಬ್ಬ ತಂದಳು. ಕರ್ನಾಟಕಕ್ಕೆ ಬಿಳಿ ಗುಂಡಿ, ಮೇಘಾಲಯಕ್ಕೆ ಕರಿ. ಆಪಾ ಅಲ್ಲಿಂದ, ಎಡಗಡೆ ಬಾ, ಅವನನ್ನು ಹಿಂದಕ್ಕೆ ಸರಿಸು, ಈಗ ಪಾಸು ಎನ್ನುತ್ತ ಹೋದಳು. ಇಲ್ಲಿ ನಾಲ್ಕು ಕೈಗಳು ಗುಂಡಿ ಸರಿಸಿದವು. ವಿರಾಮಕ್ಕೆ ಮುಂಚೆ ರಾಬಿನ್ ಯಾದವ್ ಹೊಡೆದ ಫ್ರೀಕಿಕ್ಕನ್ನು ಅವಳು ಮೂರು ಸಲ ವಿವರಿಸಿದಳು, ಮೂರೂ ಸಲ ಬೇರೆ ಬೇರೆಯಾಗಿ. ಕೊನೆಗೆ 3-2. ಐವತ್ತನಾಲ್ಕು ವರ್ಷದ ಮೇಲೆ. ಫೋನಿನಲ್ಲಿ ಯಾರೋ ಕನ್ನಡದಲ್ಲಿ ಕೂಗುತ್ತಿದ್ದದ್ದು ಕೇಳಿತು. ಆಮೇಲೆ ಆಪಾ ಅಳುತ್ತಿರುವುದು ಕೇಳಿತು, ಲೈನು ಕಡಿಯಿತು. ಹುರಿಗಡಲೆ ತಿನ್ನಲು ಛೋಟಿಗೆ ಮನಸ್ಸಾಗಲಿಲ್ಲ. ಅದನ್ನು ಡಬ್ಬದಲ್ಲೇ ಹಾಕಿಟ್ಟಳು. ಹುಳ ಬಿದ್ದು ಆಮೇಲೆ ಎಸೆಯಬೇಕಾಯಿತು.

ಛೋಟಿಯ ಮಗಳು ಈಗ ಕಾಲೇಜಿನ ತಂಡದಲ್ಲಿ ಆಡುತ್ತಾಳೆ. ಉದ್ದ ತೋಳಿನ ಬನಿಯನ್ನಿನ ಮೇಲೆ ಜೆರ್ಸಿ, ಕೂದಲಿಗೆ ಕಪ್ಪು ಟೋಪಿ. ಕಳೆದ ಸಲ ಆಪಾ ರಜೆಗೆ ಬಂದಿದ್ದಾಗ ಅವರ ಕಾಲೇಜಿನ ಮೈದಾನದಲ್ಲಿ ಪಂದ್ಯವಿತ್ತು. ನಾವು ಮೂವರೂ ಹೋದೆವು. ಗ್ಯಾಲರಿ ಗೀಲರಿ ಏನೂ ಇಲ್ಲ, ಬೇವಿನ ಮರದ ಕೆಳಗೆ ಕಲ್ಲುಬೆಂಚು. ಛೋಟಿ ಕೋಟಿನ ಲೈನಿಂಗ್ ತುಂಡುಗಳನ್ನು ಎಲ್ಲಿಂದಲೋ ಹುಡುಕಿ ತಂದಿದ್ದಳು. ನೋಡುವವರು ಮೂವತ್ತು ನಲವತ್ತು ಜನ, ಅರ್ಧ ಅದೇ ಕಾಲೇಜಿನ ಹುಡುಗರು. ಅವರು ಏನಾದರೂ ಅಂದಾರು ಎಂದು ನಮ್ಮ ಒಂದು ಕಿವಿ ಅತ್ತ ಕಡೆಗೇ ಇತ್ತು. ಅವರು ಅಂದದ್ದೆಲ್ಲ ರೆಫ್ರಿಗೆ.

ಎರಡನೆಯ ಅರ್ಧದಲ್ಲಿ ನಮ್ಮ ಹುಡುಗಿಗೆ ಬಲಬದಿಯಲ್ಲಿ ಚೆಂಡು ಸಿಕ್ಕಿತು. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ನಡುವೆ ಅವಳ ಜೊತೆಗಾತಿ ಒಬ್ಬಂಟಿಯಾಗಿ ಕೈಯೆತ್ತಿ ನಿಂತಿದ್ದಳು. ಮೂರನೆಯವಳ ಕಡೆಗೂ ಇವಳು ಚೆಂಡು ನೂಕಿಕೊಂಡೇ ಹೊರಟಾಗ ಆಪಾ ಬೆಂಚಿನಿಂದ ಎದ್ದು ನಿಂತಳು. ನಲವತ್ತೊಂಬತ್ತರ ಹೆಂಗಸು, ಮಂಡಿನೋವು ಬೇರೆ.

“ಪಾಸ್ ದೇ ರೀ, ಪಾಸ್!”

ಹುಡುಗಿ ಬೆಚ್ಚಿ ನಮ್ಮ ಕಡೆ ತಿರುಗಿದಳು. ಅಷ್ಟರಲ್ಲಿ ಎದುರು ತಂಡದವಳು ಚೆಂಡು ಕಸಿದುಕೊಂಡು ಹೊರಟುಹೋಗಿದ್ದಳು.